ಗದಗದಿಂದ ಮುಂಬೈಗೆ: ಎರಡು ಮಕ್ಕಳು, ಒಬ್ಬ ಅಜ್ಜಿ, ಐದು ದಿನ

ಮುಂಬೈಯಿಂದ ಬಂದು ಹತ್ತು ದಿನ ಆಯಿತು. ಪುಟ್ಟಿ ಈಗಲೂ ಬೆಳಗ್ಗೆ ಎದ್ದ ಕೂಡಲೇ ಕಿಟಕಿಗೆ ಹೋಗಿ "ಟ್ರೇನ್ ಯಾಕೆ ಬರ್ತಿಲ್ಲ?" ಅಂತ ಕೇಳುತ್ತಾಳೆ. ನಮ್ಮ ಮನೆ ಇರೋದು ಬೆಟಗೇರಿಯಲ್ಲಿ. ಕಿಟಕಿಯಿಂದ ಕಾಣೋದು ಎದುರು ಮನೆಯ ನುಗ್ಗೆ ಗಿಡ ಮಾತ್ರ. ಮರೆಯೋ ಮುಂಚೆ ಎಲ್ಲಾ ಬರೆದಿಡೋಣ ಅಂತ ಕೂತಿದ್ದೇನೆ. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೊಡ್ಡ ಊರಿಗೆ ಹೋಗೋದಾ ಬೇಡವಾ ಅಂತ ಯೋಚನೆ ಮಾಡ್ತಿರುವವರಿಗೂ ಸ್ವಲ್ಪ ಉಪಯೋಗ ಆಗಬಹುದು.

ಹೊರಡುವ ಮುಂಚೆ

ದಸರಾ ರಜೆಗೆ ಮುಂಬೈ ಅಂತ ಆಗಸ್ಟ್‌ನಲ್ಲೇ ನಿಶ್ಚಯ ಆಗಿತ್ತು. ಮಗನ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನೋಡಬೇಕಾದ ಜಾಗಗಳನ್ನು ಬರೆಯುತ್ತಾ ಹೋದೆ. ಹದಿನಾಲ್ಕು ಆದವು. ಜುಹು, ಹಾಜಿ ಅಲಿ, ಸಿದ್ಧಿವಿನಾಯಕ, ಮ್ಯೂಸಿಯಂ, ಸೈನ್ಸ್ ಸೆಂಟರ್, ಒಂದಾ ಎರಡಾ. ಅತ್ತೆ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಪೂರ್ತಿ ಓದಿದರು. "ಎಲ್ಲಾ ಬರದಿ. ಹುಡುಗ್ರು ಯಾವಾಗ ಮಕ್ಕೋಬೇಕು, ಅದನ್ನ ಎಲ್ಲಿ ಬರದಿ?" ಅಂದರು.

ಅದನ್ನು ಎಲ್ಲೂ ಬರೆದಿರಲಿಲ್ಲ. ಅವತ್ತು ರಾತ್ರಿ ಹೊಸ ಹಾಳೆ ತಗೊಂಡು ಶುರು ಮಾಡಿದೆ. ದಿನಕ್ಕೆ ಒಂದೇ ದೊಡ್ಡ ಜಾಗ. ಹತ್ತಿರ ಇದ್ದರೆ ಮಧ್ಯಾಹ್ನ ಊಟಕ್ಕೆ ರೂಮಿಗೆ ವಾಪಸ್, ನಿದ್ದೆ. ಸಂಜೆ ಮಕ್ಕಳಿಗೆ ಉಮೇದಿ ಇದ್ದರೆ ಮಾತ್ರ ಹೊರಗೆ. ಹದಿನಾಲ್ಕರಲ್ಲಿ ನಾಲ್ಕು ಉಳಿದವು. ರಾಣಿಬಾಗ್ ಪ್ರಾಣಿ ಸಂಗ್ರಹಾಲಯಕ್ಕೆ ಬುಧವಾರ ರಜೆ, ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಈ ಎರಡು ರಜೆ ನೋಡಿಕೊಂಡೇ ಉಳಿದ ದಿನ ಜೋಡಿಸಿದ್ದು.

ಉಳಿಯೋಕೆ ದಾದರ್ ಆರಿಸಿಕೊಂಡೆವು. ಸೆಂಟ್ರಲ್ ಮತ್ತು ವೆಸ್ಟರ್ನ್ ಎರಡೂ ಲೋಕಲ್ ಲೈನ್ ಅಲ್ಲಿ ಸೇರುತ್ತವೆ, ನಮ್ಮ ರೈಲೂ ಅಲ್ಲಿ ನಿಲ್ಲುತ್ತದೆ. ಪಕ್ಕದಲ್ಲೇ ಮಾಟುಂಗಾ ಇರೋದರಿಂದ ಇಡ್ಲಿ, ಮೊಸರನ್ನದ ಚಿಂತೆ ಇಲ್ಲ. ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಒಂದು ಹೊತ್ತಾದರೂ ಗೊತ್ತಿರುವ ಊಟ ಸಿಕ್ಕರೆ ಉಳಿದ ಎರಡು ಹೊತ್ತು ಹೇಗೋ ನಡೆಯುತ್ತದೆ. ಇದನ್ನು ಅಲ್ಲಿ ಹೋದ ಮೇಲೆ ಇನ್ನೂ ಚೆನ್ನಾಗಿ ಅರಿತೆ.

ಭಾನುವಾರ ಗದಗದಲ್ಲಿ ಮುಂಬೈ ರೈಲು ಹತ್ತಿದೆವು. ಪುಟ್ಟಿಗೆ ಐದು ತುಂಬಿಲ್ಲ, ಟಿಕೆಟ್ ಇಲ್ಲ, ನನ್ನ ಬರ್ತ್‌ನಲ್ಲೇ ಮಲಗಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು ಕಟ್ಟಿಕೊಂಡಿದ್ದೆವು. ಬಾದಾಮಿ ದಾಟಿ, ಆಲಮಟ್ಟಿಯಲ್ಲಿ ಕೃಷ್ಣೆ ಬರೋ ಹೊತ್ತಿಗೆ ಕತ್ತಲು ಬೀಳುತ್ತಿತ್ತು. ಅತ್ತೆ ಕಿಟಕಿಯಿಂದ ಒಂದು ರೂಪಾಯಿ ನಾಣ್ಯ ನೀರಿಗೆ ಎಸೆದು ಕೈ ಮುಗಿದರು. ಮಕ್ಕಳಿಗೂ ಒಂದೊಂದು ಬೇಕೇ ಬೇಕು ಅಂತಾಯಿತು.

ಮೊದಲ ದಿನ, ಸೋಮವಾರ

ಬೆಳಗಿನ ಜಾವ ದಾದರ್. ಲಾಡ್ಜಿನವರು ಫೋನಿನಲ್ಲಿ "ಎಷ್ಟೊತ್ತಿಗಾದರೂ ಬನ್ನಿ" ಅಂದಿದ್ದರು. ಹೋದರೆ ರೂಮು ಎಂಟಕ್ಕೆ ಅಂದರು. ನಿದ್ದೆಗಣ್ಣಿನ ಎರಡು ಮಕ್ಕಳು, ಐದು ಬ್ಯಾಗು. ಸಿಟ್ಟು ಬಂತು. ಆದರೆ ಬ್ಯಾಗ್ ಇಟ್ಟುಕೊಳ್ಳೋಕೆ ಒಪ್ಪಿದರು. ಬೆಳಗ್ಗೆ ಬೇಗ ಇಳಿಯುವವರು ಎಷ್ಟು ಗಂಟೆಗೆ ರೂಮು ಕೊಡ್ತಾರೆ ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ, ಬರೀ ಬಾಯಿ ಮಾತು ನಂಬಬೇಡಿ.

ಎರಡು ಗಂಟೆ ಏನು ಮಾಡೋದು ಅಂತ ಸ್ಟೇಷನ್ ಸೇತುವೆ ಹತ್ತಿ ಪಶ್ಚಿಮಕ್ಕೆ ಇಳಿದೆವು. ಅಲ್ಲಿದೆ ದಾದರ್ ಹೂವಿನ ಮಾರ್ಕೆಟ್. ದಸರಾ ಸಮಯ ಬೇರೆ. ಚೆಂಡು ಹೂವು ಗೋಣಿಚೀಲದಿಂದ ಸುರಿದು ಸೊಂಟದೆತ್ತರ ರಾಶಿ ಹಾಕಿದ್ದರು. ಹಳದಿ ಒಂದು ಕಡೆ, ಕೇಸರಿ ಒಂದು ಕಡೆ. ನೆಲ ಒದ್ದೆ, ಬಾಳೆ ಎಲೆ ಚೂರು, ಕೂಲಿಗಳು ತಲೆ ಮೇಲೆ ಬುಟ್ಟಿ ಹೊತ್ತು ಓಡುತ್ತಾ ಕೂಗುವ ಕೂಗು. ಅತ್ತೆ ಸೇವಂತಿಗೆ ರೇಟ್ ಕೇಳಿ ನಮ್ಮಲ್ಲಿನ ಹಾಗೆ "ಅಯ್ಯ ಶಿವನ, ಇಷ್ಟ್ಯಾಕ?" ಅಂದರು. ಹೂ ಮಾರುತ್ತಿದ್ದ ಹೆಂಗಸು ತಲೆ ಎತ್ತಿ "ಯಾವೂರು ಯವ್ವಾ?" ಅಂದಳು! ಸಾಂಗಲಿ ಕಡೆ ಜತ್ ತಾಲ್ಲೂಕಿನವಳಂತೆ, ಮನೆ ಮಾತು ಕನ್ನಡ. ಗದಗ ಅಂದ ಕೂಡಲೇ "ತೋಂಟದಾರ್ಯ ಮಠದ ಜಾತ್ರಿಗೆ ಬಂದೇನಿ" ಅಂದಳು. ಪುಟ್ಟಿ ಜಡೆಗೆ ಒಂದು ಗುಲಾಬಿ ಸಿಕ್ಕಿಸಿ ದುಡ್ಡು ತಗೊಳ್ಳಲಿಲ್ಲ. ರೂಮು ಆರಕ್ಕೇ ಸಿಕ್ಕಿದ್ದರೆ ಈ ಮಾರ್ಕೆಟ್ ನೋಡುತ್ತಲೇ ಇರಲಿಲ್ಲ.

ಅವತ್ತು ಬೇರೆ ಏನೂ ಇಟ್ಟುಕೊಂಡಿರಲಿಲ್ಲ. ಮಾಟುಂಗಾದ ರಾಮ ಆಶ್ರಯದಲ್ಲಿ ತಿಂಡಿ ತಿಂದೆವು. ಹೊರಗೆ ಕಾಯೋ ಜನ ಇದ್ದರು, ಆದರೆ ಸಾಲು ಬೇಗ ಸರಿಯುತ್ತದೆ. ಬಡಿಸುವ ಹುಡುಗ ಕುಂದಾಪುರ ಕಡೆಯವನು. ಮಗ ಕನ್ನಡದಲ್ಲಿ ನೀರು ಕೇಳಿದಾಗ ಅವನ ಮುಖ ಅರಳಿತು. ಖಾರ ಇಲ್ಲದ ಸಾಂಬಾರ್ ಬೇಕಾ ಅಂತ ಅವನೇ ಕೇಳಿದ. ಆಮೇಲೆ ನಾಲ್ಕು ಗಂಟೆವರೆಗೂ ನಿದ್ದೆ. ಸಂಜೆ ಫೈವ್ ಗಾರ್ಡನ್ಸ್ ಅನ್ನೋ ಉದ್ಯಾನಕ್ಕೆ ನಡೆದು ಹೋದೆವು. ಪಟ್ಟಿಗಳಲ್ಲಿ ಈ ಹೆಸರು ಅಷ್ಟಾಗಿ ಕಾಣಲ್ಲ, ಆದರೆ ದೊಡ್ಡ ಮರ, ನೆರಳು, ಓಡೋಕೆ ಜಾಗ ಎಲ್ಲಾ ಇದೆ. ಮಗ ಅಲ್ಲಿನ ಹುಡುಗರ ಜೊತೆ ಕ್ರಿಕೆಟ್ ಆಡಿದ. ಅವನಿಗೆ ಮರಾಠಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಔಟ್, ನೋ ಬಾಲ್ ಸಾಕಾಯಿತು.

ಸೆಖೆ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಬಿಸಿಲು ಒಣ ಬಿಸಿಲು, ನೆರಳಿಗೆ ಬಂದರೆ ತಣ್ಣಗಾಗುತ್ತದೆ. ಅಲ್ಲಿ ಅಕ್ಟೋಬರ್‌ನಲ್ಲಿ ನೆರಳಿನಲ್ಲೂ ಬೆವರು. ಮಕ್ಕಳ ಮುಂಗೈ ಮೇಲೆ ಬಾಲ್‌ಪೆನ್ನಿನಿಂದ ನನ್ನ ನಂಬರ್ ಬರೆದಿದ್ದೆ. ಸಂಜೆ ನೋಡಿದರೆ ಮಗನ ಕೈಯಲ್ಲಿ ಬರೀ ನೀಲಿ ಕಲೆ. ಅತ್ತೆ ಬಿಳಿ ಬಟ್ಟೆಯ ಸಣ್ಣ ತುಂಡು ಕತ್ತರಿಸಿ, ಅಳಿಸದ ಮಾರ್ಕರ್‌ನಲ್ಲಿ ನನ್ನಿಂದ ನಂಬರ್ ಬರೆಸಿ, ಇಬ್ಬರ ಜೇಬಿನ ಒಳಗೆ ಹೊಲಿದರು. ಅವರ ಸಂಚಿಯಲ್ಲಿ ಸೂಜಿ ದಾರ ಯಾವತ್ತೂ ಇರುತ್ತದೆ. ಮತ್ತೆ ಡಿಸೆಂಬರ್-ಜನವರಿಯಲ್ಲೇ ಹೋಗಬೇಕು ಅಂದುಕೊಂಡಿದ್ದೇವೆ.

ಎರಡನೇ ದಿನ, ಮಂಗಳವಾರ

ರಾಣಿಬಾಗ್‌ಗೆ ಬೈಕುಲಾ ಸ್ಟೇಷನ್‌ನಲ್ಲಿ ಇಳಿಯಬೇಕು. ದಾದರ್‌ನಿಂದ ಸ್ಲೋ ಲೋಕಲ್, ಟಿಕೆಟ್ 5 ರೂಪಾಯಿ. ಬೆಳಗಿನ ಆಫೀಸ್ ನೂಕುನುಗ್ಗಲು ಕಡಿಮೆ ಆಗಲಿ ಅಂತ ಹನ್ನೊಂದಕ್ಕೆ ಹೊರಟೆವು. ನಾನು, ಅತ್ತೆ, ಪುಟ್ಟಿ ಲೇಡೀಸ್ ಡಬ್ಬಿಗೆ. ಮಗ ಅಪ್ಪನ ಜೊತೆ ಪಕ್ಕದ ಡಬ್ಬಿಗೆ ಹೋಗ್ತೀನಿ ಅಂತ ಹಟ ಮಾಡಿದ.

ಪರೇಲ್, ಕರಿ ರೋಡ್, ಚಿಂಚ್‌ಪೋಕ್ಲಿ. ಅತ್ತೆ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಅವರ ಅಣ್ಣ ಬೆಟಗೇರಿಯಲ್ಲಿ ಮಗ್ಗ ಬಿಟ್ಟು ಇಲ್ಲಿನ ಬಟ್ಟೆ ಗಿರಣಿಗೆ ಬಂದವರು, ಇಲ್ಲೇ ಲಾಲ್‌ಬಾಗ್‌ನ ಚಾಳಿನಲ್ಲಿ, ಅಂದರೆ ಸಾಲು ಮನೆಗಳ ಕಟ್ಟಡದಲ್ಲಿ, ಇದ್ದರು. ಮದುವೆ ಆದ ಹೊಸದರಲ್ಲಿ ಅತ್ತೆ ಒಂದು ಸಲ ಬಂದು ಎಂಟು ದಿನ ಇದ್ದು ಹೋಗಿದ್ದರು. 1982ರ ಜನವರಿಯಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ವರ್ಷ ಕಳೆದರೂ ಮುಗಿಯಲಿಲ್ಲ. ಅಣ್ಣ ಊರಿಗೆ ಬಂದು ಮತ್ತೆ ಮಗ್ಗಕ್ಕೆ ಕೂತರು. "ಆವಾಗ ಎಲ್ಲಿ ನೋಡಿದ್ರೂ ಚಿಮಣಿ, ಹೊಗಿ" ಅಂದರು ಅತ್ತೆ. ಈಗ ನಲವತ್ತು-ಐವತ್ತು ಮಹಡಿಯ ಗಾಜಿನ ಕಟ್ಟಡಗಳು. ಅವುಗಳ ನಡುವೆ ಒಂದೇ ಒಂದು ಇಟ್ಟಿಗೆ ಚಿಮಣಿ ಕಂಡಿತು. ಅತ್ತೆ ಬೆರಳು ತೋರಿಸುವಷ್ಟರಲ್ಲಿ ಹಿಂದಕ್ಕೆ ಹೋಯಿತು.

ಪಕ್ಕದಲ್ಲಿದ್ದ ಹೆಂಗಸು, ಮಕ್ಕಳಿದ್ದಾರೆ, ಒಂದು ಸ್ಟೇಷನ್ ಮುಂಚೆಯೇ ಬಾಗಿಲ ಹತ್ತಿರ ಬನ್ನಿ ಅಂತ ಹಿಂದಿಯಲ್ಲಿ ಹೇಳಿ, ತಾನೇ ಪುಟ್ಟಿಯನ್ನು ಎತ್ತಿಕೊಂಡು ಇಳಿಸಿಕೊಟ್ಟಳು. ಇಳಿದು ನೋಡಿದರೆ ಅಪ್ಪ ಮಗ ಇಲ್ಲ. ರೈಲು ಹೊರಟೇ ಹೋಯಿತು. ಎದೆ ಧಸಕ್ಕಂತು. ಫೋನ್ ಹತ್ತುತ್ತಿಲ್ಲ. ಆದರೆ ಮನೆಯಲ್ಲೇ ಒಂದು ಮಾತು ಮಾಡಿಕೊಂಡಿದ್ದೆವು: ಇಳಿಯೋಕೆ ಆಗದಿದ್ದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬರಬೇಕು, ಇಳಿದವರು ನಿಂತ ಜಾಗ ಬಿಡಬಾರದು. ಮಗನ ಕೈಲೂ ಇದನ್ನು ನಾಲ್ಕು ಸಲ ಹೇಳಿಸಿದ್ದೆ. ನಾವು ಮೂವರೂ ಅಲ್ಲೇ ಬೆಂಚಿನ ಮೇಲೆ ಕೂತೆವು. ಹದಿನೈದು ನಿಮಿಷಕ್ಕೆ ಇಬ್ಬರೂ ಸೇತುವೆ ಇಳಿದು ಬಂದರು. ಬಾಗಿಲಲ್ಲಿ ಜನ ಜಾಸ್ತಿ ಇದ್ದು, ಸ್ಯಾಂಡ್‌ಹರ್ಸ್ಟ್ ರೋಡಿಗೆ ಹೋಗಿ ತಿರುಗಿ ಬಂದಿದ್ದರು. ಮಗ ಓಡಿ ಬಂದು "ಅಮ್ಮ, ಪ್ಲಾನ್ ಕೆಲಸ ಮಾಡ್ತು!" ಅಂದ. ನನಗೆ ಮಾತು ಬರಲಿಲ್ಲ, ಅಪ್ಪಿಕೊಂಡೆ. ಆಮೇಲೆ ಉಳಿದ ದಿನವೆಲ್ಲ ಒಟ್ಟಿಗೆ ಹೋದರೆ ಎಲ್ಲರೂ ಒಂದೇ ಡಬ್ಬಿ, ಇಲ್ಲ ಟ್ಯಾಕ್ಸಿ.

ರಾಣಿಬಾಗ್‌ನಲ್ಲಿ ಎಲ್ಲರೂ ಮೊದಲು ಓಡೋದು ಪೆಂಗ್ವಿನ್ ನೋಡೋಕೆ. ಹಂಬೋಲ್ಟ್ ಪೆಂಗ್ವಿನ್‌ಗಳು, ಪೆರು-ಚಿಲಿ ಸಮುದ್ರ ತೀರದ ಜಾತಿ. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ತಂದಿದ್ದು, ಆಮೇಲೆ ಇಲ್ಲೇ ಮರಿಗಳೂ ಆಗಿವೆ. ಒಳಗೆ ಎಸಿ ತಂಪು. ನಮ್ಮ ಬಿಂಕದಕಟ್ಟಿ ಝೂ ನೋಡಿದ ಮಕ್ಕಳು, ಹುಲಿ ನರಿ ನೋಡಿ ಗೊತ್ತು, ಇದು ಮಾತ್ರ ಹೊಸದು. ಪುಟ್ಟಿ ಗಾಜಿಗೆ ಅಂಗೈ ಒತ್ತಿ ನಿಂತಳು. ನೀರೊಳಗೆ ಒಂದು ಪೆಂಗ್ವಿನ್ ಸರ್ರನೆ ಬಂದು ಅವಳ ಕೈ ಎದುರು ನಿಂತಿತು. ಅವಳು ಕೈಯನ್ನು ಮೆಲ್ಲಗೆ ಎಡಕ್ಕೆ ಸರಿಸಿದಳು. ಅದೂ ಎಡಕ್ಕೆ. ಬಲಕ್ಕೆ, ಅದೂ ಬಲಕ್ಕೆ. ಕೊಕ್ಕಿನ ಬುಡದಲ್ಲಿ ಗುಲಾಬಿ ಚರ್ಮ, ಎದೆ ಮೇಲೆ ಕಪ್ಪು ಚುಕ್ಕೆಗಳು, ರೆಕ್ಕೆಗೆ ಅಂಟಿದ ಗುಳ್ಳೆಗಳು, ಅಷ್ಟು ಹತ್ತಿರ. ಪುಟ್ಟಿ ಉಸಿರು ಬಿಗಿ ಹಿಡಿದಿದ್ದಳು. ಫೋಟೋ ತೆಗೆಯೋಕೆ ಹೋಗಿ ಸುಮ್ಮನಾದೆ.

ಹೊರಗೆ ಬಂದಾಗ ಮಗನಿಗೆ ಬೇರೆ ಒಂದು ಸಿಕ್ಕಿತು. ಅಲ್ಲೇ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲಿ ಒಂದು ದೊಡ್ಡ ಕಲ್ಲಿನ ಆನೆ ಇದೆ. ಸವೆದು, ಬಿರುಕು ಬಿಟ್ಟು, ಮುಖ ಸರಿಯಾಗಿ ಕಾಣಲ್ಲ. ಇದು ಎಲಿಫೆಂಟಾ ದ್ವೀಪದ ಆನೆ. ಈ ಆನೆ ನೋಡಿಯೇ ಪೋರ್ಚುಗೀಸರು ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಅಂತ ಹೆಸರಿಟ್ಟಿದ್ದು. 1864ರಲ್ಲಿ ಬ್ರಿಟಿಷರು ಇದನ್ನು ಇಂಗ್ಲೆಂಡಿಗೆ ಸಾಗಿಸೋಕೆ ಹೋಗಿ ಎತ್ತುವಾಗ ಬಿದ್ದು ಒಡೆಯಿತು. ತುಂಡುಗಳನ್ನು 1914ರಲ್ಲಿ ಜೋಡಿಸಿದರು. ಮಗ ಕೇಳಿದ: "ನಾಳೆ ನಾವು ಹೋಗೋದು ಇದರ ಊರಿಗೇನಾ?" ಹೌದು ಅಂದೆ. ಅವನು ಆನೆ ಕಾಲಿನ ಬಿರುಕುಗಳನ್ನು ಒಂದೊಂದಾಗಿ ಎಣಿಸುತ್ತಾ ಬಹಳ ಹೊತ್ತು ನಿಂತ.

ಮೂರನೇ ದಿನ, ಬುಧವಾರ

ಗೇಟ್‌ವೇ ಆಫ್ ಇಂಡಿಯಾದಿಂದ ಬೋಟು. ಒಂಬತ್ತಕ್ಕೆಲ್ಲ ಅಲ್ಲಿದ್ದೆವು, ಬಿಸಿಲು ಏರಿಲ್ಲ, ಸಾಲೂ ಸಣ್ಣದು. ಒಂದು ಗಂಟೆ ಪ್ರಯಾಣ. ಮೇಲಿನ ಡೆಕ್‌ಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಕೂತೆವು. ಹಡಗುಗಳು, ಎಣ್ಣೆ ಟ್ಯಾಂಕರ್‌ಗಳು, ಮಗನಿಗೆ ಎಷ್ಟು ನೋಡಿದರೂ ಸಾಲದು. ಪುಟ್ಟಿ ಅರ್ಧ ದಾರಿಯಲ್ಲಿ ಸಪ್ಪಗಾದಳು. ಕವರ್ ತೆಗೆಯುವಷ್ಟರಲ್ಲಿ ನನ್ನ ಮಡಿಲಿಗೇ ವಾಂತಿ. ಎದುರು ಕೂತಿದ್ದ ಗುಜರಾತಿ ಅಜ್ಜಿ ನಿಂಬೆಹಣ್ಣು ಕೊಟ್ಟು, ಕೆಳಗಿನ ಡೆಕ್‌ನ ನಡುವಿಗೆ ಕರ್ಕೊಂಡು ಹೋಗು, ಅಲ್ಲಿ ತೂಗಾಟ ಕಡಿಮೆ ಅಂದರು. ನಿಜವಾಗಿಯೂ ಕಡಿಮೆ. ಬರುವಾಗ ಹೊಟ್ಟೆ ತುಂಬಾ ತಿನ್ನಿಸದೆ ಅಲ್ಲೇ ಕೂರಿಸಿದೆ, ಏನೂ ಆಗಲಿಲ್ಲ.

ದ್ವೀಪದಲ್ಲಿ ಇಳಿದ ಮೇಲೆ ಪುಟಾಣಿ ರೈಲು, ಆಮೇಲೆ ಸುಮಾರು 120 ಮೆಟ್ಟಿಲು. ನಡೆಯಲಾಗದವರಿಗೆ ಡೋಲಿ ಇದೆ. ಅತ್ತೆ ಬೇಡ ಅಂದು ನಾಲ್ಕು ಕಡೆ ಕೂತು ಹತ್ತಿದರು. ಕೋತಿಗಳು ಬಹಳ. ಅತ್ತೆ ಮನೆಯಲ್ಲಿ ಕರಿದು ತಂದಿದ್ದ ಚಕ್ಕುಲಿ ಚೀಲ ಒಂದೇ ಏಟಿಗೆ ಹೋಯಿತು. ಮರದ ಮೇಲೆ ಕೂತು ನಮ್ಮ ಎದುರೇ ಮುರಿದು ಮುರಿದು ತಿಂದಿತು. ಕೈಯಲ್ಲಿ ಏನೂ ಕಾಣದ ಹಾಗೆ ಬ್ಯಾಗೊಳಗೆ ಇಡಬೇಕು, ನೀರಿನ ಬಾಟಲಿ ಕೂಡ.

ಗುಹೆ ಒಳಗೆ ಕಾಲಿಟ್ಟರೆ ತಂಪು, ಅರೆಗತ್ತಲು. ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಎದುರಿಗೆ ಮೂರು ಮುಖದ ಸದಾಶಿವ ಮೆಲ್ಲಗೆ ಕಾಣಿಸುತ್ತಾನೆ. 18-20 ಅಡಿ ಎತ್ತರ. ಬಾದಾಮಿ ಗುಹೆ ಎಷ್ಟೋ ಸಲ ನೋಡಿದ್ದೇವೆ. ಅದು ಕೆಂಪು ಮರಳುಗಲ್ಲು, ಬಿಸಿಲು ಬಿದ್ದರೆ ಬೆಂಕಿಯ ಹಾಗೆ ಹೊಳೆಯುತ್ತದೆ. ಇದು ಕಪ್ಪು ಕಲ್ಲು, ಬೆಳಕನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಎಷ್ಟೋ ಶಿಲ್ಪಗಳ ಕೈಕಾಲು ಮುರಿದಿವೆ. ಆದರೆ ಮಧ್ಯದ ಆ ಮುಖದ ಕೆಳತುಟಿ, ಮುಚ್ಚಿದ ಕಣ್ಣು ನೋಡಿದರೆ ಮಾತು ತಾನಾಗೇ ಇಳಿಯುತ್ತದೆ. ಅಲ್ಲಿ ಪೂಜೆ ಇಲ್ಲ. ನಾಲ್ಕು ಬಾಗಿಲ ಗರ್ಭಗುಡಿಯ ಲಿಂಗದ ಮುಂದೆ ಅತ್ತೆ ಚಪ್ಪಲಿ ಬಿಟ್ಟು ನಿಂತರು. ಸೊಂಟದ ಸಂಚಿಯಿಂದ ವಿಭೂತಿ ತೆಗೆದು ತಾವು ಹಚ್ಚಿಕೊಂಡು, ಮಕ್ಕಳ ಹಣೆಗೂ ಎಳೆದರು. ಬೆವರಿದ ಹಣೆ ಮೇಲೆ ಬಿಳಿ ಗೆರೆ ಸಂಜೆವರೆಗೂ ಇತ್ತು.

ಮಗ ಗುಹೆಯ ಸುತ್ತಮುತ್ತ ಏನೋ ಹುಡುಕುತ್ತಿದ್ದ. ಆನೆ ಎಲ್ಲಿ ನಿಂತಿತ್ತು ಅಂತ ಅಲ್ಲಿನ ಕಾವಲುಗಾರರನ್ನು ನನ್ನ ಕೈಲಿ ಕೇಳಿಸಿದ. ಅವರು ಸಮುದ್ರದ ಕಡೆ ಕೈ ತೋರಿಸಿ, ಅಲ್ಲಿ ಕೆಳಗೆ ಅಂದರು. ಮಗ ಆ ಕಡೆಯೇ ನೋಡುತ್ತಾ "ಅದನ್ನ ಯಾಕೆ ವಾಪಸ್ ತಂದು ಇಡಲಿಲ್ಲ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾಲ್ಕನೇ ದಿನ, ಗುರುವಾರ

ರಾತ್ರಿ ಪುಟ್ಟಿ ಮೈ ಬಿಸಿ. ಹೊರಡುವ ಮುಂಚೆ ಗದಗದ ಮಕ್ಕಳ ಡಾಕ್ಟರು ಇಬ್ಬರ ತೂಕ ನೋಡಿ ಜ್ವರದ ಔಷಧಿ ಎಷ್ಟು ಅಂತ ಚೀಟಿ ಬರೆದುಕೊಟ್ಟಿದ್ದರು. ರಾತ್ರಿ ಎರಡು ಗಂಟೆಗೆ ಪರಊರಿನಲ್ಲಿ ಆ ಚೀಟಿ ದೊಡ್ಡ ಧೈರ್ಯ. ಬೆಳಗ್ಗೆ ಹೊತ್ತಿಗೆ ಇಳಿದಿತ್ತು. ಆದರೂ ಸೈನ್ಸ್ ಸೆಂಟರ್‌ಗೆ ಅಪ್ಪ ಮಗ ಇಬ್ಬರೇ ಹೋದರು.

ನಮ್ಮ ರೂಮಿನ ಕಿಟಕಿ ಹಳಿಗಳ ಕಡೆಗೆ. ಮೊದಲ ದಿನ ಗದ್ದಲ ಅಂತ ಬೈದುಕೊಂಡಿದ್ದೆ. ಅವತ್ತು ಅದೇ ಕಿಟಕಿ ಕಾಪಾಡಿತು. ಪುಟ್ಟಿ ದಿಂಬು ಒರಗಿಕೊಂಡು ರೈಲು ಎಣಿಸಿದಳು. ಅವಳಿಗೆ ಇಪ್ಪತ್ತರವರೆಗೆ ಬರುತ್ತದೆ. ಇಪ್ಪತ್ತು ಆದ ಕೂಡಲೇ ಅತ್ತೆ ಒಂದು ಶೇಂಗಾ ಬೀಜ ಎತ್ತಿ ಇಡೋದು, ಮತ್ತೆ ಒಂದರಿಂದ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಬೀಜ. ಗಂಜಿ, ಮಜ್ಜಿಗೆ, ನಿದ್ದೆ. ಅಷ್ಟು ದುಡ್ಡು ಹಾಕಿ ಬಂದು ರೂಮಿನಲ್ಲಿ ಕೂರೋದಾ ಅಂತ ಒಂದು ಕ್ಷಣ ಅನ್ನಿಸಿದ್ದು ಹೌದು. ಆದರೆ ದಿನಕ್ಕೆ ಒಂದೇ ಜಾಗ ಇಟ್ಟುಕೊಂಡಿದ್ದರಿಂದ ಯಾವುದೂ ಕೆಡಲಿಲ್ಲ.

ಸಂಜೆ ಅವಳೇ ಎದ್ದು ಚಪ್ಪಲಿ ಹಾಕಿಕೊಂಡಳು. ಟ್ಯಾಕ್ಸಿಯಲ್ಲಿ ಗಿರ್‌ಗಾಂವ್ ಚೌಪಾಟಿ. ಮರಳು, ಗಾಳಿ, ಮರೈನ್ ಡ್ರೈವ್‌ನ ದೀಪ ಒಂದೊಂದೇ ಹತ್ತಿಕೊಳ್ಳೋದು. ಅತ್ತೆ ಭೇಲ್‌ಪುರಿ ತಿಂದು "ಗಿರ್ಮಿಟ್ ಇದಕ್ಕಿಂತ ಚಲೋ, ಆದ್ರ ಇದೂ ಏನ್ ಕಮ್ಮಿ ಇಲ್ಲ" ಅಂತ ಇನ್ನೊಂದು ಪ್ಲೇಟ್ ಹೇಳಿಸಿದರು.

ಐದನೇ ದಿನ, ಶುಕ್ರವಾರ

ರೈಲು ರಾತ್ರಿಗೆ. ಬ್ಯಾಗ್‌ಗಳನ್ನು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್‌ನ ಕ್ಲೋಕ್ ರೂಮಿನಲ್ಲಿ ಇಟ್ಟು ಕೈ ಬೀಸಿಕೊಂಡು ಹೊರಗೆ ಬಂದೆವು. ಬ್ಯಾಟರಿಯ ಎಸಿ ಡಬಲ್ ಡೆಕರ್ ಬಸ್ಸಿನ ಮೇಲ್ಮಹಡಿಯಲ್ಲಿ ಮುಂದಿನ ಸೀಟು ಸಿಕ್ಕಿತು. ಹಳೇ ಕೆಂಪು ಡಬಲ್ ಡೆಕರ್‌ಗಳು 2023ರಲ್ಲಿ ನಿಂತವು, ಅತ್ತೆಗೆ ಅದು ನೆನಪಿತ್ತು, ಗಾಳಿ ಬರೋದು ಅಂದರು.

ಆಮೇಲೆ ಸ್ಟೇಷನ್ ಕಟ್ಟಡದ ಎದುರು ಫುಟ್‌ಪಾತ್‌ನಲ್ಲಿ ನಿಂತು ಒಂದು ಆಟ. 1888ರಲ್ಲಿ ಪೂರ್ತಿಯಾದ ಕಟ್ಟಡ ಇದು. ಗೋಡೆ ತುಂಬಾ ಕಲ್ಲಿನ ಪ್ರಾಣಿಗಳು. ಗೇಟಿನ ಕಂಬದ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ನವಿಲು, ಕೋತಿ, ಅಳಿಲು ಕೂಡ ಇವೆ. ಯಾರು ಜಾಸ್ತಿ ಹುಡುಕ್ತಾರೆ ಅಂತ ಪಂದ್ಯ. ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಇಲ್ಲೇ ಬೋರಿ ಬಂದರ್‌ನಿಂದ ಠಾಣೆಗೆ ಹೋಗಿದ್ದು ಅಂತ ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಎಲ್ಲರ ತಲೆಯೂ ಮೇಲಕ್ಕೆ. ಮಗ ಹದಿನೇಳು ಹುಡುಕಿದ. ಆನೆ ಸಿಗಲಿಲ್ಲ ಅಂತ ಅವನಿಗೆ ಬೇಜಾರು.

ಶಾಲೆ ಶುರುವಾದ ಮೇಲೆ ರಜೆಯ ಬಗ್ಗೆ ಚಿತ್ರ ಬರೆಯಿರಿ ಅಂದಿದ್ದಾರೆ. ಮಗ ದೋಣಿ ಬರೆದ. ದೋಣಿ ಮೇಲೆ ಕಾಲು ತುಂಬಾ ಬಿರುಕಿರುವ ಆನೆ, ದೂರದಲ್ಲಿ ಗುಡ್ಡ. "ವಾಪಸ್ ಹೋಗ್ತಿದೆ" ಅಂದ. ಪುಟ್ಟಿ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಆನೆಯ ಸೊಂಡಿಲಿಗೆ ಒಂದು ಕವರ್ ಕೊಡು, ದೋಣಿಯಲ್ಲಿ ವಾಂತಿ ಬರುತ್ತೆ ಅಂದಳು. ಮಗ ಕವರ್ ಬರೆದ.